ಕಡಲ ನಡುವಿನ ಸಿಹಿನೀರು

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಇಷ್ಟು ಉಪ್ಪನ್ನು ಹೊರಹಾಕಬೇಕಾದರೆ ಮನುಷ್ಯನ ಮೂತ್ರಪಿಂಡಗಳು ಕುಡಿದ ನೀರಿಗಿಂತಲೂ ಹೆಚ್ಚು ನೀರನ್ನು ದೇಹದಿಂದ ವ್ಯಯಿಸಬೇಕಾಗುತ್ತದೆ. ಆದಕಾರಣ ಕಡಲ ನೀರನ್ನು ಕುಡಿದವನ ದಾಹವು ತಣಿಯುವುದಿಲ್ಲ, ಬೆಳೆಯುತ್ತದೆ. ಉಪ್ಪಿಲ್ಲದ ನೀರನ್ನು ನಮ್ಮ ಹಿರಿಯರು ‘ಸಿಹಿನೀರು’ ಎಂದು ಕರೆದರು. ಅದರಲ್ಲಿ ಸಕ್ಕರೆಯ ಲವಲೇಶವೂ ಇಲ್ಲ. ಉಪ್ಪುನೀರಿನ ಎದುರು ನಿಂತವನಿಗೆ ಬರಿಯ ನೀರೇ ಸಿಹಿಯಾಗಿ ತೋರುತ್ತದೆ. ಈ ಮಾತಿನ ಪೂರ್ಣ ಅರ್ಥವನ್ನು ಅರಿಯಬೇಕಾದರೆ ಹಾಯಿದೋಣಿಯಲ್ಲಿ ಮಹಾಸಾಗರಗಳನ್ನು ದಾಟುವವರ ಬಾಳುವೆಯನ್ನು ಗಮನಿಸಬೇಕು.

ಯೂರೋಪು, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳಲ್ಲಿ ಮೂವತ್ತೈದು ನಲವತ್ತು ಅಡಿ ಉದ್ದದ ಹಾಯಿದೋಣಿಯನ್ನೇ ಮನೆಯಾಗಿ ಮಾಡಿಕೊಂಡು ವರ್ಷಗಟ್ಟಲೆ ಸಂಚರಿಸುವ ಕುಟುಂಬಗಳುಂಟು. ಅವರಲ್ಲಿ ನಿವೃತ್ತ ದಂಪತಿಗಳಿದ್ದಾರೆ. ಚಿಕ್ಕ ಮಕ್ಕಳೊಡನೆ ಹೊರಟವರೂ ಇದ್ದಾರೆ. ಕೆನರಿ ದ್ವೀಪಗಳಿಂದ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿ ಕೆರಿಬಿಯನ್ ದ್ವೀಪಗಳನ್ನು ಸೇರಲು ಸುಮಾರು 2,700 ನಾಟಿಕಲ್ ಮೈಲು, ಎಂದರೆ ಐದು ಸಾವಿರ ಕಿಲೋಮೀಟರು ಸಾಗಬೇಕು. ಗಾಳಿ ಅನುಕೂಲವಾಗಿದ್ದರೆ ಮೂರು ವಾರಗಳ ಹಾದಿ. ಪೆಸಿಫಿಕ್ ಸಾಗರದಲ್ಲಿ ಗಲಾಪಗೋಸ್ ದ್ವೀಪಗಳಿಂದ ಮಾರ್ಕೇಸಸ್ ದ್ವೀಪಗಳಿಗೆ ಇರುವ ದೂರ ಇದಕ್ಕಿಂತಲೂ ತುಸು ಹೆಚ್ಚು. ಈ ಹಾದಿಯ ನಡುವೆ ಅಂಗಡಿಯಿಲ್ಲ, ನಲ್ಲಿ ರಿಪೇರಿ ಮಾಡುವವನಿಲ್ಲ, ನೆರೆಮನೆಯ ಬಾವಿಯೂ ಇಲ್ಲ. ಹತ್ತಿಪ್ಪತ್ತು ರೂಪಾಯಿ ಬೆಲೆಯ ರಬ್ಬರ್ ವಾಷರೊಂದು ಹರಿದರೆ ಇಡೀ ಕುಟುಂಬದ ಪ್ರಾಣಕ್ಕೇ ಸಂಚಕಾರ ಬರಬಹುದು.

ಆದುದರಿಂದಲೇ ಅನುಭವಿಗಳಾದ ನಾವಿಕರು ಹಾಯಿ, ಹಗ್ಗ, ಲಂಗರುಗಳಷ್ಟೇ ಆಸ್ಥೆಯಿಂದ ಸಿಹಿನೀರಿನ ತೊಟ್ಟಿ, ಕೊಳವೆ, ಪಂಪುಗಳನ್ನು ಕಾಪಾಡುತ್ತಾರೆ. ನೀರು ಧಾರಾಳವಾಗಿದ್ದ ಮಾತ್ರಕ್ಕೆ ಭಯ ತಪ್ಪುವುದಿಲ್ಲ. ಅದನ್ನು ಬೇರೆ ಬೇರೆ ಕಡೆಗಳಲ್ಲಿ ಹಂಚಿಡಬೇಕು, ಅದು ಹರಿಯುವ ಹಾದಿಯನ್ನು ಬೆರಳ ತುದಿಯಿಂದ ಮುಟ್ಟಿ ತಿಳಿದಿರಬೇಕು, ಆ ಹಾದಿಯಲ್ಲಿ ಕೆಡಬಹುದಾದ ಪ್ರತಿಯೊಂದಕ್ಕೂ ಬದಲಿಯನ್ನು ಜೊತೆಯಲ್ಲಿಟ್ಟುಕೊಂಡಿರಬೇಕು. ಈ ಮೂರೂ ಕೂಡಿದಾಗಲೇ ದೋಣಿಯಲ್ಲಿ ನೀರಿದೆ ಎಂದು ಹೇಳಬಹುದು.

ಎರಡು ದೋಣಿಗಳ ಸಾಕ್ಷ್ಯ

ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರು ಎಲ್ಲಿಯೂ ನಿಲ್ಲದೆ ಒಬ್ಬಂಟಿಗರಾಗಿ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗರು. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟ ಅವರು 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ಮರಳಿದರು. ಅವರ ‘ಸುಹೈಲಿ’ ಎಂಬ ದೋಣಿಯು ಕೇವಲ 32 ಅಡಿ ಉದ್ದದ್ದು. ನಮ್ಮ ಮುಂಬಯಿಯಲ್ಲಿಯೇ ಸಾಗವಾನಿ ಮರದಿಂದ ಕಟ್ಟಿದ್ದು. ಆಫ್ರಿಕದ ದಕ್ಷಿಣದ ತುದಿಯಾಚೆ ಬಿರುಗಾಳಿಯ ಅಲೆಯೊಂದು ದೋಣಿಯನ್ನು ಮಗ್ಗುಲಿಗೆ ಕೆಡವಿತು. ದೋಣಿಯು ತಾನಾಗಿ ಎದ್ದು ನಿಂತಿತಾದರೂ ತೊಟ್ಟಿಗಳಲ್ಲಿದ್ದ ನೀರು ಕೆಟ್ಟು ಕುಡಿಯಲು ಬಾರದಂತಾಯಿತು. ಪ್ರಯಾಣದ ಬಹುಭಾಗವಿನ್ನೂ ಮುಂದಿತ್ತು. ಅಲ್ಲಿಂದ ಮುಂದೆ ಹಾಯಿಯ ಮೇಲೆ ಬಿದ್ದು ಇಳಿಯುವ ಮಳೆನೀರನ್ನು ಹಿಡಿದಿಟ್ಟುಕೊಂಡು ಅವರು ಉಳಿದ ಸಾಗರಗಳನ್ನು ದಾಟಿದರು.

ಎರಡನೆಯದು ನಮ್ಮ ನೌಕಾಪಡೆಯ ‘ಮ್ಹಾದೆಯಿ’. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿ, ಗೋವೆಗಿಳಿದು ಮಾಂಡವಿಯೆಂದು ಕರೆಸಿಕೊಳ್ಳುವ ಮಹದಾಯಿ ನದಿಯ ಹೆಸರೇ ಈ ದೋಣಿಗಿದೆ. ಗೋವೆಯಲ್ಲಿ ನಿರ್ಮಾಣಗೊಂಡ ಇದರ ಉದ್ದ 56 ಅಡಿ. 2012ರ ನವೆಂಬರ್ 1ರಂದು ಅಭಿಲಾಷ್ ಟಾಮಿ ಅವರು ಇದರಲ್ಲಿ ಮುಂಬಯಿಯಿಂದ ಹೊರಟು, ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಂಡಲವನ್ನು ಸುತ್ತಿ, 2013ರ ಮಾರ್ಚ್ 31ರಂದು ಮುಂಬಯಿಗೆ ಹಿಂದಿರುಗಿದರು. ಇಂತಹ ಸಾಧನೆ ಮಾಡಿದ ಮೊದಲ ಭಾರತೀಯರು ಅವರು. ಈ ಯಾತ್ರೆಯಲ್ಲಿಯೂ ಕುಡಿಯುವ ನೀರಿಗೆ ಡೀಸೆಲ್ ಬೆರೆತು, ಕೈಯಲ್ಲಿ ಅತ್ಯಲ್ಪ ನೀರು ಮಾತ್ರ ಉಳಿಯಿತು. ಅದನ್ನೇ ಬಿಗಿಹಿಡಿದು ಬಳಸುತ್ತ, ಮಳೆ ಸುರಿದಾಗ ನೀರು ಸಂಗ್ರಹಿಸಿಕೊಂಡು ಅವರು ದಡ ಸೇರಬೇಕಾಯಿತು. ನದಿಯ ಹೆಸರು ಹೊತ್ತ ದೋಣಿಗೂ ನೀರಿನ ಬವಣೆ ತಪ್ಪಲಿಲ್ಲ.

ಈ ಎರಡೂ ಪ್ರಸಂಗಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೀರು ಖರ್ಚಾಗಿ ಮುಗಿದುದರಿಂದ ಸಂಕಟ ಬಂದದ್ದಲ್ಲ; ಇದ್ದ ನೀರೇ ಕೆಟ್ಟುದರಿಂದ ಬಂತು. ನೂರಾರು ಲೀಟರನ್ನು ಒಂದೇ ವ್ಯವಸ್ಥೆಯಲ್ಲಿ ನೆಚ್ಚಿಕೊಂಡರೆ ಒಂದು ಏಟಿಗೆ ಎಲ್ಲವೂ ಹೋಗುತ್ತದೆ. ಇದನ್ನು ಮನಗಂಡವರು ಒಂದು ದೊಡ್ಡ ತೊಟ್ಟಿಯ ಬದಲು ಎರಡು ಮೂರು ಬೇರೆ ಬೇರೆ ತೊಟ್ಟಿಗಳನ್ನಿಟ್ಟು, ಪ್ರತಿಯೊಂದಕ್ಕೂ ಪ್ರತ್ಯೇಕ ಕವಾಟವನ್ನು ಹಾಕಿ, ಒಂದರಿಂದ ಬಳಸುವಾಗ ಉಳಿದವನ್ನು ಮುಚ್ಚಿಡುತ್ತಾರೆ. ಇದಲ್ಲದೆ ಯಾವ ಕೊಳವೆಗೂ ಸೇರದಂತೆ, ಇಪ್ಪತ್ತು ಲೀಟರಿನ ಕೆಲವು ಕ್ಯಾನುಗಳನ್ನು ತುಂಬಿ ಕಟ್ಟಿಡುತ್ತಾರೆ. ಕ್ಯಾನನ್ನು ಪೂರ್ತಿ ತುಂಬದೆ ಸ್ವಲ್ಪ ಗಾಳಿಯನ್ನು ಬಿಟ್ಟರೆ, ಪ್ರಾಣಭಯದಿಂದ ದೋಣಿಯನ್ನು ತೊರೆಯಬೇಕಾಗಿ ಬಂದಾಗ ಅದು ಉಪ್ಪುನೀರಿನ ಮೇಲೆ ತೇಲುತ್ತದೆ.

ನೀರು ಹರಿಯುವ ಹಾದಿ

ಹಾಯಿದೋಣಿಯ ನೀರಿನ ವ್ಯವಸ್ಥೆಯು ನಮ್ಮ ಮನೆಯ ವ್ಯವಸ್ಥೆಗಿಂತ ಭಿನ್ನ. ಮನೆಯಲ್ಲಿ ತೊಟ್ಟಿಯು ತಾರಸಿಯ ಮೇಲಿರುತ್ತದೆ, ನೀರು ತನ್ನ ಭಾರದಿಂದಲೇ ಇಳಿದುಬರುತ್ತದೆ. ದೋಣಿಯಲ್ಲಿ ಭಾರವು ಮೇಲಿದ್ದರೆ ದೋಣಿ ವಾಲುತ್ತದೆ. ಆದಕಾರಣ ತೊಟ್ಟಿಗಳನ್ನು ಆದಷ್ಟು ಕೆಳಗೆ, ಮಂಚಗಳ ಅಡಿಯಲ್ಲಿ ಅಥವಾ ನೆಲದ ಹಲಗೆಗಳ ಕೆಳಗೆ ಇಡುತ್ತಾರೆ. ಮೇಲಟ್ಟದ ಮೇಲಿರುವ ಮುಚ್ಚಳದಿಂದ ನೀರು ತುಂಬಬೇಕು. ತೊಟ್ಟಿಯಿಂದ ನೀರನ್ನು ಎಳೆದು ನಲ್ಲಿಗೆ ಒತ್ತುವ ಕೆಲಸವನ್ನು ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಸಣ್ಣ ಪಂಪು ಮಾಡುತ್ತದೆ. ಅದರೊಳಗೆ ರಬ್ಬರಿನ ಪೊರೆಯೊಂದು ಹಿಂದು ಮುಂದಕ್ಕೆ ಮಿಡಿಯುತ್ತದೆ. ನಲ್ಲಿ ತೆರೆದು ಒತ್ತಡ ಇಳಿದೊಡನೆ ಪಂಪು ತಾನಾಗಿ ಓಡುತ್ತದೆ. ನಲ್ಲಿ ಮುಚ್ಚಿ ಒತ್ತಡ ಏರಿದೊಡನೆ ತಾನಾಗಿ ನಿಲ್ಲುತ್ತದೆ.

ಪಂಪಿಗೆ ಮೊದಲು ಕಸವನ್ನು ತಡೆಯುವ ಜಾಲರಿ, ಪಂಪಿನ ಆಚೆ ಒತ್ತಡವನ್ನು ಸಮವಾಗಿಡುವ ಗಾಳಿ ತುಂಬಿದ ಚಿಕ್ಕ ಪಾತ್ರೆ, ಅಲ್ಲಿಂದ ಅಡುಗೆಮನೆಗೂ ಬಚ್ಚಲಿಗೂ ಹೋಗುವ ಕವಲುಗಳು. ಬಿಸಿನೀರಿನ ಹಂಡೆಯಿದ್ದರೆ ಅದರೊಳಗಿನ ಸುರುಳಿಯಲ್ಲಿ ಇಂಜಿನ್ನಿನ ಬಿಸಿ ದ್ರವವು ಹರಿದು ನೀರನ್ನು ಕಾಯಿಸುತ್ತದೆ. ಆ ಸುರುಳಿಯಲ್ಲಿ ತೂತು ಬಿದ್ದರೆ ಇಂಜಿನ್ನಿನ ವಿಷದ್ರವವು ಕುಡಿಯುವ ನೀರಿಗೆ ಸೇರುವ ಸಂಭವವಿರುವುದರಿಂದ ಬಣ್ಣವನ್ನೂ ವಾಸನೆಯನ್ನೂ ಆಗಾಗ ಪರೀಕ್ಷಿಸಬೇಕು.

ಬಹಳ ಮಂದಿ ಕಡೆಗಣಿಸುವ ಭಾಗವೆಂದರೆ ತೊಟ್ಟಿಯ ಗಾಳಿಕೊಳವೆ. ನೀರು ಹೊರಹೋದಷ್ಟೂ ಗಾಳಿ ಒಳಬರಬೇಕು. ಕೀಟವೋ ಕಸವೋ ಈ ಕೊಳವೆಯನ್ನು ಮುಚ್ಚಿದರೆ ಪಂಪಿಗೆ ನೀರು ಸಾಲದಾಗುತ್ತದೆ, ತೊಟ್ಟಿಯ ಗೋಡೆಯೂ ಒಳಕ್ಕೆ ಕುಗ್ಗಬಹುದು. ಇದೇ ಕೊಳವೆಯ ಬಾಯಿ ದೋಣಿಯ ಹೊರಮಗ್ಗುಲಲ್ಲಿದ್ದರೆ ದೋಣಿ ವಾಲಿದಾಗ ಉಪ್ಪುನೀರು ನೇರವಾಗಿ ತೊಟ್ಟಿಗೆ ನುಗ್ಗುತ್ತದೆ. ಆದುದರಿಂದ ಅದರ ಬಾಯಿಯನ್ನು ದೋಣಿಯ ಒಳಗಡೆಯೇ ಎತ್ತರದ ಸ್ಥಳದಲ್ಲಿರಿಸಿ, ಸಣ್ಣ ಜಾಲರಿಯನ್ನು ಕಟ್ಟುವುದು ಕ್ಷೇಮ. ಮೇಲಟ್ಟದ ಮುಚ್ಚಳದ ರಬ್ಬರ್ ಉಂಗುರವನ್ನು ಪ್ರತಿ ದೂರಪ್ರಯಾಣಕ್ಕೆ ಮುನ್ನ ನೋಡಬೇಕು. ನೀರಿನ ಮುಚ್ಚಳವೂ ಡೀಸೆಲಿನ ಮುಚ್ಚಳವೂ ಒಂದೇ ಬಗೆಯಾಗಿ ಅಕ್ಕಪಕ್ಕದಲ್ಲಿದ್ದರೆ ಕತ್ತಲಲ್ಲಿ ಒಂದಕ್ಕೊಂದು ಅದಲುಬದಲಾಗುವ ಅಪಾಯವುಂಟು. ಬಣ್ಣ ಬಳಿದು ಗುರುತು ಮಾಡುವುದು ಲೇಸು.

ಲೆಕ್ಕ ಮತ್ತು ಹನಿ

ಕುಡಿಯುವುದಕ್ಕೂ ಅಡುಗೆಗೂ ಸೇರಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರು ಎಂದಿಟ್ಟುಕೊಳ್ಳೋಣ. ಇಬ್ಬರಿಗೆ ಇಪ್ಪತ್ತೈದು ದಿನಕ್ಕೆ 200 ಲೀಟರು ಬೇಕು. ಗಾಳಿ ನಿಂತು ಪ್ರಯಾಣ ದೀರ್ಘವಾದರೆಂದು ಅದರ ಅರ್ಧದಷ್ಟನ್ನು ಹೆಚ್ಚಾಗಿ ಸೇರಿಸಿದರೆ 300 ಲೀಟರು. ಇದು 300 ಕಿಲೋಗ್ರಾಂ ಭಾರವೂ ಹೌದು. ಮನಬಂದಂತೆ ಹೇರಿಕೊಳ್ಳಲು ಸಾಧ್ಯವಿಲ್ಲ. ಈ ಕಾರಣದಿಂದ ಪಾತ್ರೆಗಳನ್ನು ಕಡಲ ನೀರಿನಲ್ಲಿ ತೊಳೆದು, ಕೊನೆಯ ಒಂದು ಸಲ ಮಾತ್ರ ಸಿಹಿನೀರು ಹಾಕುತ್ತಾರೆ. ಸ್ನಾನವೂ ಅಷ್ಟೆ.

ಈಗ ಒಂದು ಸಣ್ಣ ಲೆಕ್ಕವನ್ನು ಓದುಗರು ಗಮನಿಸಬೇಕು. ಕೊಳವೆಯ ಕೀಲೊಂದರಿಂದ ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುತ್ತಿದೆಯೆಂದು ಭಾವಿಸಿರಿ. ದಿನಕ್ಕೆ 86,400 ಹನಿಗಳು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರಿನಂತೆ ಹಿಡಿದರೆ ನಾಲ್ಕು ಲೀಟರಿಗೂ ಹೆಚ್ಚು. ಎಂದರೆ ಒಂದು ಹನಿಯ ಸೋರಿಕೆಯು ಒಬ್ಬ ಮನುಷ್ಯನ ಇಡೀ ದಿನದ ಪಾಲನ್ನು ಕುಡಿದುಬಿಡುತ್ತದೆ. ಅಂತೆಯೇ, ಪಂಪು ನಿಮಿಷಕ್ಕೆ 11 ಲೀಟರು ಹಾಯಿಸುವಂತಹದಾಗಿದ್ದು, ರಾತ್ರಿ ಎಲ್ಲರೂ ಮಲಗಿದ್ದಾಗ ಕೊಳವೆ ಕಳಚಿಕೊಂಡರೆ 400 ಲೀಟರಿನ ತೊಟ್ಟಿ ಮುಕ್ಕಾಲು ಗಂಟೆಯೊಳಗೆ ಬರಿದಾಗುತ್ತದೆ. ಆದುದರಿಂದ ಮಲಗುವ ಮುನ್ನವೂ, ದೋಣಿಯನ್ನು ಬಿಟ್ಟು ದಡಕ್ಕಿಳಿಯುವ ಮುನ್ನವೂ ಪಂಪಿನ ಸ್ವಿಚ್ಚನ್ನು ಆರಿಸುವುದು ಕಡ್ಡಾಯವಾದ ಅಭ್ಯಾಸವಾಗಬೇಕು.

ದೂರಪ್ರಯಾಣದಲ್ಲಿ ಅನೇಕರು ವಿದ್ಯುತ್ ಪಂಪನ್ನೇ ಬಳಸದೆ, ಅಡುಗೆಮನೆಯ ಕೆಳಗಿರುವ ಕಾಲ್ತುಳಿತದ ಪಂಪಿನಿಂದಲೇ ನೀರು ತೆಗೆಯುತ್ತಾರೆ. ತುಳಿದಷ್ಟೇ ನೀರು ಬರುವುದರಿಂದ ಪೋಲಾಗುವುದಿಲ್ಲ. ಎರಡು ಕೈಗಳೂ ಬಿಡುವಾಗಿರುತ್ತವೆ. ಬ್ಯಾಟರಿ ಸತ್ತರೂ ನೀರು ಸಿಗುತ್ತದೆ. ವಿದ್ಯುತ್ ಪಂಪಿಗೆ ಇದಕ್ಕಿಂತ ಒಳ್ಳೆಯ ಬದಲಿಯಿಲ್ಲ.

ಪಂಪಿನ ಸದ್ದು ಹೇಳುವ ಮಾತು

ರೋಗಿಯ ನಾಡಿಯನ್ನು ವೈದ್ಯನು ಹಿಡಿದು ನೋಡುವಂತೆ ನಾವಿಕನು ಪಂಪಿನ ಸದ್ದನ್ನು ಆಲಿಸುತ್ತಾನೆ. ಯಾರೂ ನಲ್ಲಿ ತೆರೆಯದಿದ್ದಾಗ ಪಂಪು ಕ್ಷಣಕಾಲ ಗುರ್ರೆಂದು ನಿಂತರೆ ಎಲ್ಲಿಯೋ ಒತ್ತಡ ಸೋರುತ್ತಿದೆಯೆಂದು ತಿಳಿಯಬೇಕು. ಒಣ ಕಾಗದವನ್ನು ಪ್ರತಿಯೊಂದು ಕೀಲಿಗೂ ಒತ್ತಿ ನೋಡಬೇಕು. ಎಲ್ಲವೂ ಒಣಗಿದ್ದರೆ ದೋಷವು ಪಂಪಿನೊಳಗಿನ ಕವಾಟದಲ್ಲಿದೆ. ಅಲ್ಲಿ ಸಿಕ್ಕಿರುವ ಒಂದು ಮರಳಿನ ಕಣವೂ ಇದಕ್ಕೆ ಸಾಕು.

ಪಂಪು ನಿಲ್ಲದೆ ಓಡುತ್ತಿದ್ದು ನೀರು ಬಾರದಿದ್ದರೆ ತೊಟ್ಟಿ ಬರಿದಾಗಿರಬೇಕು, ಇಲ್ಲವೇ ತೊಟ್ಟಿಗೂ ಪಂಪಿಗೂ ನಡುವೆ ಗಾಳಿ ಸೇರುತ್ತಿರಬೇಕು. ಜಾಲರಿಯನ್ನು ತೊಳೆದು ಮುಚ್ಚುವಾಗ ಅದರ ರಬ್ಬರ್ ಉಂಗುರ ಸರಿಯಾಗಿ ಕೂಡದಿರುವುದು ಇದರ ಸಾಮಾನ್ಯ ಕಾರಣ. ದೋಣಿ ಒಂದೇ ಕಡೆಗೆ ವಾಲಿ ಸಾಗುವಾಗ ಅರ್ಧ ತುಂಬಿದ ತೊಟ್ಟಿಯಲ್ಲಿ ನೀರು ಮೂಲೆಗೆ ಸರಿದು ಕೊಳವೆಯ ಬಾಯಿಗೆ ಗಾಳಿಯೇ ಸಿಗುವುದೂ ಉಂಟು. ಪಂಪು ಓಡದೆಯೇ ಇದ್ದರೆ ಅದನ್ನು ಬಿಚ್ಚುವ ಮೊದಲು ಫ್ಯೂಸನ್ನೂ ತಂತಿಯ ಕೊನೆಗಳನ್ನೂ ನೋಡಬೇಕು. ಉಪ್ಪುಗಾಳಿಗೆ ತಂತಿಯ ತುದಿ ಹಸುರು ಕಿಲುಬು ಹಿಡಿದು ವಿದ್ಯುತ್ತು ನಿಂತಿರುತ್ತದೆ. ಕೆಟ್ಟಿತೆಂದು ಬಿಸಾಡಿದ ಎಷ್ಟೋ ಪಂಪುಗಳು ನಿಜವಾಗಿ ಕೆಟ್ಟಿರುವುದಿಲ್ಲ.

ದೋಣಿಯ ಅತ್ಯಂತ ತಗ್ಗಿನ ತಳದಲ್ಲಿ ನೀರು ಕಂಡರೆ ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿ ನೋಡುವ ಹಳೆಯ ಪದ್ಧತಿ ಈಗಲೂ ಉಂಟು. ಉಪ್ಪಾಗಿದ್ದರೆ ಕಡಲು ಒಳಬರುತ್ತಿದೆ, ದೋಣಿಗೆ ಅಪಾಯ. ಸಿಹಿಯಾಗಿದ್ದರೆ ತೊಟ್ಟಿ ಸೋರುತ್ತಿದೆ, ದೋಣಿಯಲ್ಲಿರುವವರಿಗೆ ಅಪಾಯ. ಎರಡರಲ್ಲಿ ಯಾವುದನ್ನೂ ನಾಳೆಗೆ ಮುಂದೂಡುವಂತಿಲ್ಲ.

ತೊಟ್ಟಿಯ ಶುದ್ಧಿ

ಅಪರಿಚಿತ ಬಂದರಿನಲ್ಲಿ ನೀರು ತುಂಬುವಾಗ ಮೊದಲು ಕೊಳಾಯಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಲೋಟದಲ್ಲಿ ಹಿಡಿದು ಬಣ್ಣ ವಾಸನೆಗಳನ್ನು ಪರೀಕ್ಷಿಸಬೇಕು. ಸಂದೇಹವಿದ್ದರೆ ಒಂದು ತೊಟ್ಟಿಗೆ ಮಾತ್ರ ತುಂಬಿಸಿ, ಇನ್ನೊಂದರ ಹಳೆಯ ಒಳ್ಳೆಯ ನೀರನ್ನು ಮುಟ್ಟದೆ ಉಳಿಸಬೇಕು. ಮಳೆನೀರು ಹಿಡಿಯುವಾಗಲೂ ಮೊದಲ ಮಳೆಗೆ ಹಾಯಿಯ ಮತ್ತು ಚಪ್ಪರದ ಉಪ್ಪನ್ನು ತೊಳೆದುಹೋಗಲು ಬಿಟ್ಟು, ಆಮೇಲೆ ಬಂದದ್ದನ್ನು ಸಂಗ್ರಹಿಸಬೇಕು.

ವರ್ಷಕ್ಕೊಮ್ಮೆಯಾದರೂ ತೊಟ್ಟಿಯನ್ನೂ ಕೊಳವೆಗಳನ್ನೂ ಕ್ಲೋರಿನ್ನಿನಿಂದ ಶುದ್ಧಿಮಾಡುವುದು ರೂಢಿ. ಸುವಾಸನೆ ಬೆರೆಸದ, ಶೇಕಡಾ 5ರ ಬ್ಲೀಚಿಂಗ್ ದ್ರಾವಣವನ್ನು 100 ಲೀಟರು ನೀರಿಗೆ 100 ಮಿಲಿಲೀಟರಿನಂತೆ ಬೆರೆಸಿ, ಪ್ರತಿ ನಲ್ಲಿಯಲ್ಲಿಯೂ ಅದರ ವಾಸನೆ ಬರುವವರೆಗೆ ಹರಿಸಿ, ಕೆಲವು ಗಂಟೆ ಬಿಟ್ಟು, ಪೂರ್ತಿ ಹೊರಚೆಲ್ಲಿ ಶುದ್ಧ ನೀರಿನಿಂದ ವಾಸನೆ ಹೋಗುವವರೆಗೆ ತೊಳೆಯಬೇಕು. ಈ ನೀರನ್ನು ಕುಡಿಯಬಾರದು. ಉಕ್ಕಿನ ಅಥವಾ ಅಲ್ಯುಮಿನಿಯಂ ತೊಟ್ಟಿಯಲ್ಲಿ ಇದನ್ನು ದೀರ್ಘಕಾಲ ನಿಲ್ಲಿಸಿದರೆ ಲೋಹವು ಸವೆಯುತ್ತದೆ. ಕೊಳವೆಗಳು ಬೆಳಕು ಹಾಯದಂತಹ, ಆಹಾರಕ್ಕೆ ಯೋಗ್ಯವಾದ ಗುಣಮಟ್ಟದವಾಗಿರಬೇಕು. ಪಾರದರ್ಶಕ ಕೊಳವೆಯಲ್ಲಿ ಪಾಚಿ ಬೆಳೆಯುತ್ತದೆ.

ಉಪ್ಪನ್ನು ಸೋಸುವ ಯಂತ್ರ

ಇಂದು ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಆರ್.ಓ. ಯಂತ್ರದ ತತ್ತ್ವದಿಂದಲೇ ಕಡಲ ನೀರನ್ನು ಸಿಹಿಯಾಗಿಸುವ ಸಣ್ಣ ಯಂತ್ರಗಳು ದೋಣಿಗಳಿಗೂ ಬಂದಿವೆ. ಕಡಲ ನೀರಿನ ಉಪ್ಪನ್ನು ತಡೆಯಲು ವಾಯುಮಂಡಲದ ಒತ್ತಡದ ಐವತ್ತು ಅರವತ್ತು ಪಟ್ಟು ಒತ್ತಡ ಬೇಕು. ಇಷ್ಟು ಒತ್ತಡದ ಯಂತ್ರವು ನಾಜೂಕಿನದು. ಎಣ್ಣೆ ತೇಲುವ ಬಂದರಿನ ನೀರು ಸೇರಿದರೆ ಅದರ ಪೊರೆ ಹಾಳು. ಕ್ಲೋರಿನ್ ಬೆರೆತ ನೀರಿನಿಂದ ತೊಳೆದರೂ ಹಾಳು. ಆದುದರಿಂದ ತೊಳೆಯುವ ನೀರನ್ನು ಇದ್ದಿಲಿನ ಸೋಸುಕದ ಮೂಲಕವೇ ಹಾಯಿಸಬೇಕು. ಈ ಯಂತ್ರವಿದೆಯೆಂದು ತೊಟ್ಟಿಗಳನ್ನು ಅರ್ಧ ಖಾಲಿಯಿಟ್ಟು ಹೊರಡುವುದು ಅವಿವೇಕ. ಯಂತ್ರವು ಇಂದೇ ನಿಂತರೂ ಮುಂದಿನ ದಡವನ್ನು ಸೇರುವಷ್ಟು ನೀರು ಎಂದಿಗೂ ತೊಟ್ಟಿಯಲ್ಲಿರಬೇಕು.

ಬಿಡಿಭಾಗಗಳ ಪೆಟ್ಟಿಗೆ

ಇನ್ನು ಜೊತೆಯಲ್ಲಿ ಒಯ್ಯತಕ್ಕ ಬಿಡಿಭಾಗಗಳ ವಿಚಾರ. ಎಲ್ಲವನ್ನೂ ಒಯ್ಯಲು ದೋಣಿಯಲ್ಲಿ ಸ್ಥಳವಿಲ್ಲ. ಯಾವುದು ಕೆಟ್ಟರೆ ನೀರೇ ನಿಲ್ಲುತ್ತದೆಯೋ ಅದಕ್ಕೆ ಮೊದಲ ಸ್ಥಾನ.

1. ಈಗಿರುವುದೇ ಕಂಪನಿಯ, ಅದೇ ಮಾದರಿಯ ಇಡಿಯ ಪಂಪು ಒಂದು. ಹೊಯ್ದಾಡುವ ದೋಣಿಯಲ್ಲಿ ಪಂಪನ್ನು ಬಿಚ್ಚಿ ಸಣ್ಣ ಸ್ಪ್ರಿಂಗುಗಳನ್ನು ಹುಡುಕುವುದಕ್ಕಿಂತ ನಾಲ್ಕು ಸ್ಕ್ರೂ ತಿರುಗಿಸಿ ಇಡಿಯ ಪಂಪನ್ನು ಬದಲಿಸುವುದು ಸುಲಭ. ಮಾದರಿ ಒಂದೇ ಆಗಿದ್ದರೆ ತೂತುಗಳೂ ಕೀಲುಗಳೂ ಹೊಂದಿಕೊಳ್ಳುತ್ತವೆ.

2. ಅದೇ ಪಂಪಿನ ಪೊರೆ, ಕವಾಟ, ಒತ್ತಡದ ಸ್ವಿಚ್ಚುಗಳ ಜೋಡಣೆ. ತೆಗೆದ ಪಂಪನ್ನು ಶಾಂತವಾದ ಬಂದರಿನಲ್ಲಿ ಸರಿಪಡಿಸಿ ಅದನ್ನೇ ಮುಂದಿನ ಬದಲಿಯಾಗಿ ಇಟ್ಟುಕೊಳ್ಳಬಹುದು. ಕಾಲ್ತುಳಿತದ ಪಂಪಿಗೂ ಇಂತಹದೇ ಒಂದು ಜೋಡಣೆ ಬೇಕು.

3. ದೋಣಿಯಲ್ಲಿರುವ ಪ್ರತಿ ಅಳತೆಯ ಕೊಳವೆಯೂ ಕೆಲವು ಮೀಟರು. ಅದಕ್ಕೆ ತಕ್ಕ ನೇರ, ಮೊಣಕೈ ಮತ್ತು ‘ಟಿ’ ಆಕಾರದ ಕೀಲುಗಳು. ಕವಲೊಂದು ಒಡೆದರೆ ಅದನ್ನು ಮಾತ್ರ ಮುಚ್ಚಿ ಉಳಿದುದನ್ನು ನಡೆಸಲು ಕೆಲವು ಮುಚ್ಚಳಗಳು.

4. ಹೋಸ್ ಕ್ಲಿಪ್ಪುಗಳು ಪ್ರತಿ ಅಳತೆಯಲ್ಲಿಯೂ ಹಲವು. ಪಟ್ಟಿಯು ತುಕ್ಕು ಹಿಡಿಯದ ಉಕ್ಕಿನದಾಗಿದ್ದು ಸ್ಕ್ರೂ ಮಾತ್ರ ಕಳಪೆ ಉಕ್ಕಿನದಾಗಿರುವ ಕ್ಲಿಪ್ಪುಗಳು ಮಾರುಕಟ್ಟೆಯಲ್ಲುಂಟು. ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿದರೆ ಸ್ಕ್ರೂವಿನ ಗುಟ್ಟು ತಿಳಿಯುತ್ತದೆ.

5. ನಲ್ಲಿಯ ವಾಷರುಗಳು, ಜಾಲರಿಯ ಮತ್ತು ಮುಚ್ಚಳದ ರಬ್ಬರ್ ಉಂಗುರಗಳು, ಟೆಫ್ಲಾನ್ ಟೇಪು, ಸಿಲಿಕೋನ್ ಗ್ರೀಸು. ಖನಿಜತೈಲದ ಗ್ರೀಸು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುವುದರಿಂದ ಅದನ್ನು ಬಳಸಬಾರದು.

6. ಫ್ಯೂಸುಗಳು, ತವರ ಲೇಪಿಸಿದ ತಾಮ್ರದ ತಂತಿ, ತಂತಿಯ ತುದಿಗೆ ಒತ್ತುವ ಕೀಲುಗಳು, ವಿದ್ಯುತ್ ಅಳೆಯುವ ಮೀಟರು.

7. ಸೋಸುಕಗಳು, ಬ್ಲೀಚಿಂಗ್ ದ್ರಾವಣದ ಒಂದು ಬಾಟಲಿ.

ಇಲ್ಲೊಂದು ಸೂಕ್ಷ್ಮವಿದೆ. ಅಮೆರಿಕದ ಕೊಳವೆಯ ಮರೆಯೂ ಬ್ರಿಟಿಷ್ ಅಳತೆಯ ಮರೆಯೂ ನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಮರೆಯ ಕೋನದಲ್ಲಿ ವ್ಯತ್ಯಾಸವಿದೆ. ಒಂದು 60 ಡಿಗ್ರಿ, ಇನ್ನೊಂದು 55 ಡಿಗ್ರಿ. ಬಲವಂತವಾಗಿ ತಿರುಗಿಸಿದರೆ ಕೂಡಿದಂತೆ ತೋರಿ ಆಮೇಲೆ ಸೋರುತ್ತದೆ. ಅಮೆರಿಕದಲ್ಲಿ ಕೊಂಡ ದೋಣಿಗೆ ನ್ಯೂಜಿಲೆಂಡಿನಲ್ಲಿ ತಕ್ಕ ಕೀಲು ಸಿಗದಿರಬಹುದು. ಆದುದರಿಂದ ಎರಡು ಅಳತೆಗಳನ್ನು ಬೆಸೆಯುವ ಕೀಲುಗಳನ್ನು ಹೊರಡುವ ಮೊದಲೇ ಸಂಗ್ರಹಿಸಬೇಕು.

ಪೆಟ್ಟಿಗೆಯಲ್ಲಿ ವಸ್ತುವಿದ್ದರೆ ಮಾತ್ರ ಸಾಲದು. ಅದು ಎಲ್ಲಿದೆಯೆಂಬುದು ದೋಣಿಯಲ್ಲಿರುವ ಎಲ್ಲರಿಗೂ ತಿಳಿದಿರಬೇಕು. ಯಾವ ಕಪಾಟಿನಲ್ಲಿ ಏನು, ಎಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ತೆಗೆದೊಡನೆ ಹೊಡೆದುಹಾಕಬೇಕು. ನೀರಿನ ಹಾದಿಯ ನಕ್ಷೆಯೊಂದನ್ನು ಬರೆದು ಕವಾಟಗಳಿಗೆ ಅಂಕೆ ಹಾಕಿ ಅಡುಗೆಮನೆಯ ಬಾಗಿಲಿಗೆ ಅಂಟಿಸಬೇಕು. ಯಜಮಾನನು ಜ್ವರದಿಂದ ಮಲಗಿದ ದಿನವೇ ಪಂಪು ಕೆಡಬಹುದು. ಆ ದಿನ ಹೆಂಡತಿಯಾಗಲಿ ಹನ್ನೆರಡು ವರ್ಷದ ಮಗಳಾಗಲಿ ನಕ್ಷೆ ನೋಡಿ ಕವಾಟ ಮುಚ್ಚಿ, ಪೆಟ್ಟಿಗೆಯಿಂದ ಪಂಪನ್ನು ತೆಗೆದು ಜೋಡಿಸುವಂತಿರಬೇಕು. ಬಂದರು ಬಿಡುವ ಮೊದಲು ಪ್ರತಿಯೊಬ್ಬರೂ ಒಮ್ಮೆ ತಮ್ಮ ಕೈಯಿಂದಲೇ ಪಂಪನ್ನು ಬಿಚ್ಚಿ ಜೋಡಿಸಿ ನೋಡುವುದು ಇದಕ್ಕಿರುವ ನಿಜವಾದ ಶಿಕ್ಷಣ.

ಪ್ರತಿದಿನ ಸಂಜೆ ಗುರುತು ಹಾಕಿದ ಕೋಲನ್ನು ತೊಟ್ಟಿಗಿಳಿಸಿ ನೀರಿನ ಮಟ್ಟವನ್ನು ಅಳೆದು, ದಿನಚರಿಯಲ್ಲಿ ದಾಖಲಿಸುವ ನಾವಿಕರುಂಟು. ನಿನ್ನೆಯ ಅಂಕೆಗೂ ಇಂದಿನ ಅಂಕೆಗೂ ಎಂಟು ಲೀಟರಿನ ಅಂತರವಿರಬೇಕಾದಲ್ಲಿ ಹನ್ನೆರಡು ಕಂಡರೆ, ಅವರು ಮಲಗುವುದಿಲ್ಲ. ದೀಪ ಹಿಡಿದು ನೆಲದ ಹಲಗೆಗಳನ್ನು ಎತ್ತಿ ಆ ನಾಲ್ಕು ಲೀಟರು ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ದಡವು ಇನ್ನೂ ಎರಡು ಸಾವಿರ ಮೈಲು ದೂರವಿರುವಾಗ ಆ ಹುಡುಕಾಟವೇ ಅವರನ್ನು ದಡ ಮುಟ್ಟಿಸುತ್ತದೆ.